ಮಲ್ಲವ್ವ ನರ್ಸಬಾಯಿ ಮುರಿದ ಆಣೆ

ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಒಂದು ಕೂಸು ಅತ್ತರೆ ಇಪ್ಪತ್ತು ಖೋಲಿಗಳಿಗೆ ನಿದ್ದೆ ಇಲ್ಲ. ಗೋಡೆ ಅಂದರೆ ಹೆಸರಿಗೆ ಗೋಡೆ. ಬೆಳಿಗ್ಗೆ ಏಳಕ್ಕೆ ಡಬ್ಬಿ ಕಾರ್ಖಾನೆಯ ಭೋಂಗಾ ಕೂಗುತ್ತದೆ, ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ರಾತ್ರಿಯೆಲ್ಲ ಕೂಸು ಎತ್ತಿಕೊಂಡು ತಿರುಗಿದವಳಿಗೆ ಭೋಂಗಾ ಐದು ನಿಮಿಷ ತಡ ಮಾಡಿ ಕೂಗುವುದಿಲ್ಲ. ಹೀಗಿರುವಾಗ ಅಳದೆ ಮಲಗುವ ಕೂಸೊಂದು ಚಾಳಿನಲ್ಲಿದ್ದರೆ ಅದನ್ನು ಹೊಗಳದವರು ಯಾರು?

ದಾನವ್ವನ ಮಗಳು ನೀಲಾವತಿ ಅಂಥ ಕೂಸು. ಏಳು ತಿಂಗಳು. ಎಲ್ಲರೂ ನೀಲಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ದಾನವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಹೊರಟರೆ, ಅದು ಹೆಗಲ ಮೇಲೆ ಹೂವಿನ ಹಾಗೆ ಮಲಗಿರುತ್ತಿತ್ತು. "ಎಂಥಾ ಶಾಣ್ಯಾ ಕೂಸು ಹಡದೀಯವ್ವ" ಎಂದು ನಳದ ಹತ್ತಿರ ಹೆಂಗಸರು ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನಾನು ಬಸವಂತಪ್ಪ. ಬೆಳಗಾವಿ ಕಡೆಯವನು. ಸ್ಟೇಶನ್ ಹತ್ತಿರದ ಧರ್ಮಾರ್ಥ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರ ಚೀಟಿ ನೋಡಿ ಔಷಧ ಕಲಸುವುದು, ನೀವು ತಂದ ಬಾಟ್ಲಿಗೆ ತುಂಬುವುದು, ಎಷ್ಟು ಸಲ ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟ್ಲಿಗೆ ಅಂಟಿಸುವುದು ನನ್ನ ಕೆಲಸ. ನನಗೆ ಮಾತು ಜಾಸ್ತಿ ಎಂದು ನನ್ನ ಹೆಂಡತಿ ದಿನಕ್ಕೆ ಎರಡು ಸಲ ಹೇಳುತ್ತಾಳೆ. ಆದರೆ ಮಾತಾಡಲೇಬೇಕಾಗಿದ್ದ ಒಂದು ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡು ಬಾಟ್ಲಿ ತೊಳೆಯುತ್ತ ನಿಂತಿದ್ದೆ. ಅದನ್ನು ನಿಮಗೆ ಹೇಳಬೇಕು.

ಇದು ಸಾವಿರದ ಒಂಬೈನೂರ ಐವತ್ತಾರನೆಯ ಇಸವಿಯ ಮಳೆಗಾಲದ ಮಾತು.

ನಮ್ಮ ಚಾಳುಗಳಿಗೆ ಮನೆ ಮನೆ ತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡುವವಳು ಮಲ್ಲವ್ವ ನರ್ಸಬಾಯಿ. ವಿಜಾಪುರದ ಕಡೆಯವಳು. ಅವಳ ಚೀಲದಲ್ಲಿ ಒಂದು ತಕ್ಕಡಿ, ಸ್ವಲ್ಪ ಹತ್ತಿ, ಒಂದು ಸಾಬೂನು. ಅವಳ ಹೊಟ್ಟೆಯಲ್ಲಿ ಮಾತ್ರ ನೂರು ಮನೆಯ ಗುಟ್ಟು. ಯಾರ ಗಂಡ ಕದ್ದು ಕುಡಿಯುತ್ತಾನೆ, ಯಾವ ಸೊಸೆಗೆ ಅತ್ತೆ ಊಟ ಹಾಕುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಒಂದೂ ಹೊರಗೆ ಬಂದದ್ದಿಲ್ಲ. ಅದಕ್ಕೇ ಹೆಂಗಸರು ಅವಳ ಮುಂದೆ ಬಾಯಿ ಬಿಡುತ್ತಿದ್ದರು. ಇದು ಅವಳಿಗೆ ಹೆಮ್ಮೆಯ ಮಾತಾಗಿತ್ತು, ಹೆಮ್ಮೆ ಪಡುವಂಥದ್ದೇ.

ಜೂನ್ ತಿಂಗಳಲ್ಲಿ ಒಂದು ದಿನ ದಾನವ್ವ ಕೆಲಸ ಮುಗಿಸಿ ಬಂದ ಮೇಲೆ ಮಲ್ಲವ್ವ ಅವಳ ಖೋಲಿಯಲ್ಲಿ ನೀಲಿಯನ್ನು ತೂಗಿ ನೋಡಿದಳು. ತೂಕ ಹೋದ ತಿಂಗಳಿಗಿಂತ ಕಡಿಮೆ. ಆಗ ನಡೆದ ಮಾತು ನನಗೆ ಆಮೇಲೆ ತಿಳಿಯಿತು.

"ಕೂಸಿಗೆ ಏನರ ಕೊಡಾಕತ್ತೀಯೇನು, ದಾನವ್ವ?"

"ಏನಿಲ್ಲರೀ ಬಾಯಿ."

"ಇದರ ಕಣ್ಣ ನೋಡು. ಕಣ್ಣಾಗಿನ ಬೊಂಬಿ ಸಾಸಿವಿ ಕಾಳಿನಷ್ಟಽ ಆಗ್ಯಾವ. ನನಗ ಸುಳ್ಳ ಹೇಳಬ್ಯಾಡ."

ದಾನವ್ವ ಎದ್ದು ಖೋಲಿಯ ಬಾಗಿಲು ಹಾಕಿದಳು. "ನಿಮ್ಮ ಕೊರಳಾಗಿನ ಲಿಂಗ ಹಿಡದು ಆಣಿ ಮಾಡ್ರಿ. ಯಾರ ಮುಂದೂ ಹೇಳೂದಿಲ್ಲ ಅಂತ. ಆಮ್ಯಾಲೆ ಹೇಳ್ತೀನಿ."

ಇಬ್ಬರೂ ಲಿಂಗ ಕಟ್ಟಿದವರು. ಲಿಂಗ ಹಿಡಿದು ಮಾಡಿದ ಆಣೆ ನಮ್ಮವರಲ್ಲಿ ಎಂಥದ್ದು ಎಂದು ನಿಮಗೆ ಹೇಳಬೇಕಾಗಿಲ್ಲ. ಮಲ್ಲವ್ವ ಹಿಂದೆ ಮುಂದೆ ನೋಡದೆ, ಏನು ಹೇಳುತ್ತಾಳೆ ಎಂದು ತಿಳಿಯುವ ಮೊದಲೇ, ಲಿಂಗ ಹಿಡಿದು ಆಣೆ ಮಾಡಿಬಿಟ್ಟಳು.

ದಾನವ್ವ ಕೊಡುತ್ತಿದ್ದದ್ದು ಬಾಳಗೋಳಿ. ಜೋಳದ ಕಾಳಿನಷ್ಟು ಸಣ್ಣ, ಕಪ್ಪು ಗುಳಿಗೆ. ಸಂತೆಯ ಮೂಲೆಯಲ್ಲಿ ಒಬ್ಬ ಮುದುಕಿ ಅದನ್ನು ಕೈಯಲ್ಲೇ ಉಂಡೆ ಕಟ್ಟಿ ಮಾರುತ್ತಿದ್ದಳು. ಅದರಲ್ಲಿ ಅಫೀಮು ಇರುತ್ತದೆ. ತಾಯಿ ಬೆಳಿಗ್ಗೆ ಒಂದನ್ನು ಎದೆಹಾಲಿನಲ್ಲಿ ತೇಯ್ದು ನೆಕ್ಕಿಸಿದರೆ ಕೂಸು ಮಧ್ಯಾಹ್ನದವರೆಗೆ ಏಳುವುದಿಲ್ಲ. ಅಳುವುದಿಲ್ಲ, ಹಸಿವೂ ಅನ್ನುವುದಿಲ್ಲ. ಶಾಣ್ಯಾ ಕೂಸು ಎಂದು ನಾವು ಹೊಗಳುತ್ತಿದ್ದದ್ದು ಈ ಅಫೀಮಿನ ನಿದ್ದೆಯನ್ನು.

ದಾನವ್ವ ಕೆಟ್ಟ ತಾಯಿಯಲ್ಲ. ಅವಳ ಕಾರ್ಖಾನೆಯಲ್ಲಿ ಪಾಳಣಾಘರ ಇದೆ, ಅಂದರೆ ತಾಯಂದಿರು ದುಡಿಯುವಾಗ ಕೂಸುಗಳನ್ನು ನೋಡಿಕೊಳ್ಳುವ ಮನೆ. ಬಹಳ ಅಳುವ ಕೂಸನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ಬಾಳಗೋಳಿ ಕೊಡುತ್ತೇನೆಂದು ತಿಳಿದರೂ ಹೆಸರು ಹೊಡೆದು ಹಾಕುತ್ತಾರೆ ಎಂದು ಗೊತ್ತಿತ್ತು. ಗಂಡ ಪರಪ್ಪ ರೈಲ್ವೆ ಹಳಿಯ ಕೆಲಸದವನು, ತಿಂಗಳಲ್ಲಿ ಹದಿನೈದು ದಿನ ಹೊರಗೆ. ಊರಿನಲ್ಲಿದ್ದ ಹಾಗೆ ಅತ್ತೆ ಇಲ್ಲ, ನಾದಿನಿ ಇಲ್ಲ. ಅವಳು ಏನು ಮಾಡಬೇಕಿತ್ತು ಹೇಳಿ.

"ಸಾವಕಾಶ ಬಿಡಸು. ದಿನಾ ಒಂದೀಟ ಕಡಿಮಿ ಮಾಡು" ಎಂದಳು ಮಲ್ಲವ್ವ.

"ಹೂಂ ರೀ" ಎಂದಳು ದಾನವ್ವ. ಎರಡು ದಿನ ಕಡಿಮೆ ಮಾಡಿದಳು. ನೀಲಿ ಚಾಳು ಕಿತ್ತು ಹೋಗುವಂತೆ ಅತ್ತಿತು. ಮೂರನೆಯ ದಿನ ಗುಳಿಗೆ ಮೊದಲಿನ ಹಾಗೇ ಆಯಿತು. ಮಲ್ಲವ್ವನಿಗೆ ಅದೂ ತಿಳಿಯಿತು. ತಿಳಿದು ಏನು ಮಾಡುವುದು, ಆಣೆ ಇದೆಯಲ್ಲ.

ಜುಲೈ ತಿಂಗಳ ಒಂದು ಶನಿವಾರ ಸಂಜೆ ದಾನವ್ವ ನೀಲಿಯನ್ನು ನಮ್ಮ ದವಾಖಾನೆಗೆ ತಂದಳು. ಕೂಸಿಗೆ ಮಳೆಗಾಲದ ಕೆಮ್ಮು. ನಮ್ಮ ಡಾಕ್ಟರು ಕೇಶವಮೂರ್ತಿ, ಮೈಸೂರಿನವರು, ಮೆತ್ತಗಿನ ಮಾತು. ಎದೆಗೆ ನಳಿಗೆ ಇಟ್ಟು ನೋಡಿದರು.

"ಬೇರೆ ಔಷಧ, ಗುಳಿಗೆ, ಕಷಾಯ, ಏನಾದ್ರೂ ಕೊಡ್ತಿದ್ದೀಯೇನಮ್ಮ?"

"ಇಲ್ಲರೀ ಸಾಹೇಬ್ರ. ಬರೇ ಎದಿಹಾಲು" ಎಂದಳು ದಾನವ್ವ ನೆಲ ನೋಡುತ್ತ.

ಡಾಕ್ಟರು ಚೀಟಿ ಬರೆದರು. ನಾನು ಔಷಧ ಕಲಸಿದೆ. ಆ ಕೆಮ್ಮಿನ ಔಷಧದಲ್ಲಿ ಒಂದು ಹನಿ ಅಫೀಮಿನ ಅರಕು ಸೇರುತ್ತದೆ. ಅಳತೆ ಮೀರದಿದ್ದರೆ ಕೆಮ್ಮು ತಗ್ಗುತ್ತದೆ ಎಂದು ಆಗ ಕೊಡುತ್ತಿದ್ದೆವು. ದಿನಕ್ಕೆ ಮೂರು ಸಲ ಎಂದು ಪಟ್ಟಿ ಅಂಟಿಸಿ ಬಾಟ್ಲಿ ಅವಳ ಕೈಗೆ ಕೊಟ್ಟೆ. ಅದೇ ಕೈಯಿಂದ ಕೊಟ್ಟೆನಲ್ಲ ಎಂದು ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಈಗ ಗಮನವಿಟ್ಟು ಕೇಳಿ. ರವಿವಾರ ಕಾರ್ಖಾನೆಗೆ ರಜೆ. ರಜೆಯ ದಿನ ದಾನವ್ವ ಬಾಳಗೋಳಿ ಕೊಡುತ್ತಿರಲಿಲ್ಲ, ಬರೇ ಕೆಮ್ಮಿನ ಔಷಧ ಕೊಟ್ಟಳು. ಪ್ರತಿ ರವಿವಾರ ಕಿರಿಕಿರಿ ಮಾಡುತ್ತಿದ್ದ ಕೂಸು ಆ ರವಿವಾರ ಆರಾಮಾಗಿ ಮಲಗಿತು. ಡಾಕ್ಟರ ಔಷಧ ಭೇಷ್ ಎಂದುಕೊಂಡಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕು. ಪಾಳಣಾಘರದಲ್ಲಿ ಕೂಸು ಕೆಮ್ಮಿ ಕೆಮ್ಮಿ ಅತ್ತರೆ ವಾಪಸ್ ಕಳಿಸಿಯಾರು ಎಂಬ ಹೆದರಿಕೆ. ಔಷಧವನ್ನೂ ಕುಡಿಸಿದಳು, ಒಂದು ಚಮಚ ಹೆಚ್ಚಿಗೆಯೇ ಕುಡಿಸಿದಳು. ಬಾಳಗೋಳಿಯನ್ನೂ ನೆಕ್ಕಿಸಿದಳು.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಮಲ್ಲವ್ವ ಹತ್ತಿ ತೆಗೆದುಕೊಂಡು ಹೋಗಲು ದವಾಖಾನೆಗೆ ಬಂದಳು. ನನ್ನ ಕಿಟಕಿಯ ಮುಂದೆ ನಿಂತಳು.

"ಬಸವಂತಣ್ಣ, ದಾನವ್ವನ ಕೂಸಿಗೆ ಕೆಮ್ಮಿನ ಔಷಧ ಕೊಟ್ಟೀರಂತ. ಅದರಾಗ ಏನೇನೈತಿ?"

"ನರ್ಸಬಾಯಿ, ಚೀಟಿಯೊಳಗಿನ ಮಾತು ಡಾಕ್ಟರಿಗೆ ಗೊತ್ತು, ನನಗ ಗೊತ್ತು. ಹೊರಗ ಹೇಳೂ ಪದ್ಧತಿ ಇಲ್ಲ."

"ನಿದ್ದಿ ಬರೂವಂಥಾದ್ದು ಐತೋ ಇಲ್ಲೋ, ಅಷ್ಟಽ ಹೇಳ್ರಿ."

"ಯಾಕ ಕೇಳ್ತೀರಿ?"

ಅವಳ ಕೈ ಕೊರಳಿಗೆ ಹೋಯಿತು. "ಸುಮ್ಮನ ಕೇಳಿದೆ."

"ಸುಮ್ಮನ ಕೇಳಿದವರಿಗೆ ನಾನೂ ಸುಮ್ಮನ ಇರತೀನಿ" ಎಂದೆ. ದೊಡ್ಡ ಜಾಣನ ಹಾಗೆ ನಕ್ಕೆ.

ಅವಳ ಬಾಯಲ್ಲಿ ಅರ್ಧ ಮಾತು, ನನ್ನ ಬಾಯಲ್ಲಿ ಅರ್ಧ ಮಾತು. ಎರಡೂ ಸೇರಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಡಾಕ್ಟರು ಹತ್ತು ಹೆಜ್ಜೆ ಆಚೆ ಪರದೆಯ ಹಿಂದೆ ಕೂತಿದ್ದರು. ನರ್ಸಬಾಯಿ ಹೀಗೆ ಯಾಕೆ ಕೇಳಿದಳು ಎಂದು ನನ್ನ ತಲೆಯಲ್ಲಿ ಬಂತು, ನಿಜ ಹೇಳುತ್ತೇನೆ, ಬಂತು. ಎದ್ದು ಹೋಗಿ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನನಗ್ಯಾಕೆ ಬೇಕು ಊರ ಉಸಾಬರಿ ಎಂದು ಬಾಟ್ಲಿ ತೊಳೆಯಲು ನಿಂತೆ.

ಮಲ್ಲವ್ವನಿಗೆ ಸಮಾಧಾನವಾಗಲಿಲ್ಲ. ತನ್ನ ತಿರುಗಾಟ ಬಿಟ್ಟು ನೇರ ಪಾಳಣಾಘರಕ್ಕೆ ಹೋದಳು. ಅದನ್ನು ನೋಡಿಕೊಳ್ಳುವವರು ಉಡುಪಿ ಕಡೆಯ ವಾರಿಜಾ. ಚುರುಕಿನ ಹೆಂಗಸು, ಮಕ್ಕಳ ವಿಷಯದಲ್ಲಿ ಓದಿಕೊಂಡವರು, ಸ್ವಲ್ಪ ಕಟ್ಟುನಿಟ್ಟು.

"ನೀಲಿ ಎಲ್ಲಿ?" ಎಂದಳು ಮಲ್ಲವ್ವ.

"ಅಲ್ಲಿ ಮಲಗಿದೆ. ಇವತ್ತು ಒಳ್ಳೆ ನಿದ್ದೆ ಮಾಡ್ತಾ ಉಂಟು. ನಾನೇ ಖುಷಿಯಲ್ಲಿದ್ದೆ."

ಮಲ್ಲವ್ವ ಕೂಸನ್ನು ಎತ್ತಿಕೊಂಡಳು. ಕೈ ಕಾಲು ಜೋತುಬಿದ್ದವು. ಅಂಗಾಲು ಚಿವುಟಿದಳು, ಕೂಸು ಮಿಸುಕಲಿಲ್ಲ. ತುಟಿ ಕಪ್ಪಗಾಗಿತ್ತು. ಉಸಿರು ಬಂದು ಹೋದ ಮೇಲೆ ಇನ್ನೊಂದು ಬರುವುದಕ್ಕೆ ಕಾಯಬೇಕಾಗಿತ್ತು.

ಹತ್ತು ನಿಮಿಷದಲ್ಲಿ ಇಬ್ಬರೂ ಕೂಸಿನ ಜೊತೆ ನಮ್ಮ ದವಾಖಾನೆಯಲ್ಲಿದ್ದರು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಡಾಕ್ಟರು ಸಾಲಿನಲ್ಲಿದ್ದವರನ್ನೆಲ್ಲ ಹೊರಗೆ ಕೂರಿಸಿ ಕೂಸನ್ನು ಮೇಜಿನ ಮೇಲೆ ಮಲಗಿಸಿದರು.

"ಜ್ವರ ಇಲ್ಲ. ಮೆದುಳಿಗೆ ಏನಾದ್ರೂ ಆಗಿದೆಯೋ ಏನೋ. ನಾನು ಕೊಟ್ಟ ಔಷಧ ಇಷ್ಟು ಮಾಡೋ ಅಳತೇದಲ್ಲ. ಬೇರೆ ಏನಾದ್ರೂ ಹೊಟ್ಟೆಗೆ ಹೋಗಿದೆಯಾ? ಯಾರಿಗಾದ್ರೂ ಗೊತ್ತಾ?"

"ನನಗೆ ಗೊತ್ತಿಲ್ಲ ಡಾಕ್ಟ್ರೇ" ಎಂದರು ವಾರಿಜಾ.

ಮಲ್ಲವ್ವ ಬಲಗೈಯಲ್ಲಿ ಕೊರಳ ಲಿಂಗ ಹಿಡಿದುಕೊಂಡು ನಿಂತಿದ್ದಳು. ಆಗ ನನ್ನ ಬಾಯಿ ಕೊನೆಗೂ ಬಿಟ್ಟಿತು.

"ಸಾಹೇಬ್ರ, ನಮ್ಮ ಔಷಧದಾಗ ನಿದ್ದಿ ಬರೂವಂಥಾದ್ದು ಐತೇನು ಅಂತ ನರ್ಸಬಾಯಿ ಮುಂಜಾನೆ ನನ್ನ ಕೇಳಿದ್ರು. ನಾನು ಹೇಳಲಿಲ್ಲ."

ಡಾಕ್ಟರು ತಿರುಗಿದರು. "ಯಾಕಮ್ಮ ಕೇಳಿದ್ರಿ?"

"ನಾ ಆಣಿ ಮಾಡೀನ್ರಿ ಸಾಹೇಬ್ರ. ಲಿಂಗ ಹಿಡದು ಮಾಡೀನಿ. ಇವತ್ತ ಮುರದ್ರ ನಾಳಿ ಯಾವ ಹೆಣ್ಮಗಳು ನನ್ನ ಮುಂದ ಬಾಯಿ ಬಿಡತಾಳ?"

ವಾರಿಜಾ ಅವಳ ಭುಜ ಹಿಡಿದರು. "ಮಲ್ಲವ್ವ, ಆಣೆ ಮಾಡಿಸಿದ್ದು ಕೂಸಿನ ತಾಯಿ ಅಲ್ವಾ? ಅವಳು ಈಗ ಇಲ್ಲಿ ನಿಂತು ಈ ತುಟಿ ನೋಡಿದ್ರೆ ನಿಮಗೆ ಎಂತ ಹೇಳ್ತಿದ್ಲು? ಹೇಳಬೇಡಿ ಅಂತಿದ್ಲಾ? ಊರಿಗೆಲ್ಲ ಹೇಳಿ ಅಂತ ಯಾರೂ ನಿಮ್ಮನ್ನು ಕೇಳ್ತಾ ಇಲ್ಲ. ಈ ಡಾಕ್ಟ್ರಿಗೆ ಹೇಳಿ, ಸಾಕು."

ಮಲ್ಲವ್ವ ಲಿಂಗ ಬಿಟ್ಟಳು. ಎರಡೂ ಕೈ ಕೂಸಿನ ಕಾಲ ಮೇಲೆ ಇಟ್ಟಳು.

"ಬಾಳಗೋಳಿ ರೀ. ಅಫೀಮಿಂದು. ದಿನಾ ಮುಂಜಾನೆ ಒಂದು. ನಾಕ ತಿಂಗಳಿಂದ."

ಡಾಕ್ಟರ ಮುಖ ಬಿಳುಚಿತು. "ನಮ್ಮ ಔಷಧದಲ್ಲೂ ಅದೇ ಇದೆ" ಎಂದರು.

ಆಮೇಲೆ ನಡೆದದ್ದೆಲ್ಲ ಓಡುತ್ತ ನಡೆದದ್ದು. ಡಾಕ್ಟರು ಕೂಸಿಗೆ ಮಾಡಬೇಕಾದ್ದನ್ನು ಮಾಡಿದರು. ಒಂದು ಚೀಟಿ ಬರೆದರು. ಅದರಲ್ಲಿ ಗುಳಿಗೆಯ ಹೆಸರು, ಎಷ್ಟು ತಿಂಗಳಿಂದ, ನಮ್ಮ ಔಷಧದಲ್ಲಿ ಏನೇನಿದೆ, ಎಲ್ಲವನ್ನೂ ಬರೆದರು. ತಾಯಿ ಸುಳ್ಳು ಹೇಳಿದಳು ಎಂದು ಬರೆಯಲಿಲ್ಲ, ಅದು ಕೂಸಿನ ಪ್ರಾಣಕ್ಕೆ ಬೇಕಾದ ಮಾತಲ್ಲ. ತಮ್ಮ ಹಳೆಯ ಕಾರಿನಲ್ಲಿ ಮಲ್ಲವ್ವನನ್ನೂ ಕೂಸನ್ನೂ ಕೂರಿಸಿಕೊಂಡು ಘೋಡಬಂದರ್ ರಸ್ತೆ ಹಿಡಿದು ಬಾಂದ್ರಾದ ಆಸ್ಪತ್ರೆಗೆ ಹೊರಟರು. ಮಲ್ಲವ್ವ ದಾರಿಯುದ್ದಕ್ಕೂ ಕೂಸಿನ ಅಂಗಾಲು ತಟ್ಟುತ್ತ, "ನೀಲಿ, ಏ ನೀಲಿ, ಉಸರ ತಗೋಳವ್ವ" ಎನ್ನುತ್ತಿದ್ದಳಂತೆ.

ಹೊರಡುವ ಮೊದಲು ಡಾಕ್ಟರು ನನಗೆ ಹೇಳಿದರು: "ಬಸವಂತಪ್ಪ, ನೀವು ಕಾರ್ಖಾನೆಗೆ ಹೋಗಿ ತಾಯಿನ ಕರ್ಕೊಂಡು ಬನ್ನಿ. ಅಲ್ಲಿ ಕೆಲಸ ಮಾಡಿಸೋ ಮುಕಾದಮನಿಗೆ ಕೂಸಿಗೆ ಹುಷಾರಿಲ್ಲ ಅನ್ನಿ, ಅಷ್ಟೇ. ಒಂದು ಮಾತೂ ಜಾಸ್ತಿ ಬೇಡ."

ನಾನು ದಾನವ್ವನನ್ನು ಕರೆದುಕೊಂಡು ಲೋಕಲ್ ಹತ್ತಿದೆ. ಗಾಡಿಯಲ್ಲಿ ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ಅತ್ತಳು. ಸಾಂತಾಕ್ರೂಜ್ ದಾಟಿದ ಮೇಲೆ ಅಳು ನಿಲ್ಲಿಸಿ ಕೇಳಿದಳು: "ಬಾಳಗೋಳಿ ಮಾತು ಯಾರ ಹೇಳಿದ್ರು?"

ನಾನು ಕಿಟಕಿಯ ಹೊರಗೆ ನೋಡಿದೆ. ಅವಳಿಗೆ ತಿಳಿಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ಮಲ್ಲವ್ವ ಬೆಂಚಿನ ಮೇಲೆ ಕೂತಿದ್ದಳು. ದಾನವ್ವ ಅವಳ ಎದುರಿಗೆ ನಿಂತಳು.

"ಲಿಂಗ ಹಿಡದು ಆಣಿ ಮಾಡಿದ್ರಿ, ಬಾಯಿ."

"ಮಾಡಿದ್ದೆ. ಮುರದೀನಿ. ಪಾಪ ಬರೂದಿದ್ರ ನನಗ ಬರಲಿ, ಕೂಸಿಗೆ ಬ್ಯಾಡ. ಬೈತಿದ್ರ ಬೈಯಿ ತಂಗಿ."

ದಾನವ್ವ ಬೈದಳು. ಪಡಸಾಲೆಯ ಮಂದಿ ತಿರುಗಿ ನೋಡುವಂತೆ ಬೈದಳು. ನನ್ನ ಕೆಲಸ ಹೋಯಿತು, ನನ್ನ ಮಾನ ಹೋಯಿತು, ನಿಮ್ಮನ್ನು ನಂಬಿ ಕೆಟ್ಟೆ ಎಂದಳು. ಮಲ್ಲವ್ವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈದು ಬೈದು ಸುಸ್ತಾಗಿ ದಾನವ್ವ ಅದೇ ಬೆಂಚಿನ ಇನ್ನೊಂದು ತುದಿಗೆ ಕೂತಳು. ಒಳಗಿನಿಂದ ಸದ್ದೇ ಇಲ್ಲ. ಒಂದು ಗಂಟೆ ಹೋಯಿತು, ಎರಡು ಹೋಯಿತು. ಡಾಕ್ಟರು ಒಳಗೂ ಹೊರಗೂ ತಿರುಗುತ್ತಿದ್ದರು. ನಾನು ಜೀವಮಾನದಲ್ಲಿ ಅಷ್ಟು ದೇವರನ್ನು ನೆನೆದವನಲ್ಲ.

ನಾಲ್ಕು ಗಂಟೆಗೆ ಒಳಗಿನಿಂದ ಒಂದು ಕೂಸು ಅಳುವುದು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ, ಆಮೇಲೆ ಇಡೀ ಆಸ್ಪತ್ರೆಗೆ ಕೇಳುವ ಹಾಗೆ.

"ನನ್ನ ನೀಲಿ" ಎಂದಳು ದಾನವ್ವ. ಬೆಂಚಿನ ಆ ತುದಿಯಿಂದ ಎದ್ದು ಬಂದು ಮಲ್ಲವ್ವನ ಮಡಿಲಿನ ಮೇಲೆ ಬಿದ್ದಳು. ಇಬ್ಬರೂ ತಬ್ಬಿಕೊಂಡು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ. ಕೂಸು ಅತ್ತದ್ದಕ್ಕೆ ಇಷ್ಟು ಮಂದಿ ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಹೊರಗೆ ಬಂದು ನಮ್ಮ ಡಾಕ್ಟರಿಗೆ ಹೇಳಿದ ಮಾತನ್ನು ನಾನು ಕೇಳಿಸಿಕೊಂಡೆ. ಆ ಚೀಟಿ ಇಲ್ಲದಿದ್ದರೆ ಅವರು ಮೆದುಳಿನ ಕಾಯಿಲೆ ಎಂದುಕೊಂಡು ಬೆನ್ನಿಗೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತ ಇರುತ್ತಿದ್ದರಂತೆ, ಅಷ್ಟರಲ್ಲಿ ಹೊತ್ತು ಮೀರುತ್ತಿತ್ತಂತೆ.

ಮೂರು ದಿನ ಬಿಟ್ಟು ಸಂಜೆ ನಾವೆಲ್ಲ ಆಸ್ಪತ್ರೆಯಲ್ಲೇ ಸೇರಿದೆವು. ಪರಪ್ಪ ಹಳಿಯ ಕೆಲಸ ಬಿಟ್ಟು ಬಂದಿದ್ದ. ಸಿಟ್ಟಿನಲ್ಲಿದ್ದ. ಹೆಂಡತಿಯ ಮೇಲೆ ಸಿಟ್ಟು, ಗುಟ್ಟು ಹೊರಬಿತ್ತೆಂದು ನಮ್ಮ ಮೇಲೂ ಸಿಟ್ಟು.

"ಸಾಹೇಬ್ರ, ಈ ಮಾತು ಎಷ್ಟ ಮಂದಿಗೆ ಗೊತ್ತಾಗೇತ್ರಿ? ನಾಳಿ ಚಾಳಿನ್ಯಾಗ ಮಂದಿ ನಮ್ಮ ಮಾರಿ ಮ್ಯಾಲ ಉಗಳತಾರ."

"ನಿಮ್ಮನೇವರನ್ನ ಬಿಟ್ಟು ಐದು ಜನಕ್ಕೆ" ಎಂದರು ಡಾಕ್ಟರು. "ನಾನು, ಮಲ್ಲವ್ವ, ವಾರಿಜಾ, ಬಸವಂತಪ್ಪ, ಈ ಆಸ್ಪತ್ರೆ ಡಾಕ್ಟರು. ಐದೂ ಜನ ನಿಮ್ಮ ಕೂಸನ್ನ ನೋಡ್ಕೊಳ್ಳೋರೇ. ಆರನೇವರಿಗೆ ಗೊತ್ತಿಲ್ಲ. ಮುಕಾದಮನಿಗೆ ಗೊತ್ತಿಲ್ಲ, ಚಾಳಿಗೆ ಗೊತ್ತಿಲ್ಲ. ಮುಂದೆ ಯಾರಿಗಾದ್ರೂ ಹೇಳ್ಬೇಕಾದ್ರೆ ನಿಮಗೆ ಮೊದಲು ಹೇಳ್ತೀವಿ."

"ಪಾಳಣಾಘರದಾಗ ನನ್ನ ಹೆಸರ ಹೊಡದ್ರೇನ್ರಿ, ವಾರಿಜಾಬಾಯಿ?" ಎಂದು ದಾನವ್ವ ಕೇಳಿದಳು. ಅವಳ ಧ್ವನಿ ಬಹಳ ಸಣ್ಣದಾಗಿತ್ತು.

ವಾರಿಜಾ ಅವಳ ಪಕ್ಕಕ್ಕೆ ಬಂದು ಕೂತರು. "ಇಲ್ಲ. ಹೊಡೆಯುವುದೂ ಇಲ್ಲ. ಹೋದ ವರ್ಷ ಒಬ್ಬಳು ಗುಳಿಗೆ ಕೊಟ್ಟದ್ದು ಗೊತ್ತಾಗಿ ಹೆಸರು ಹೊಡೆದು ಹಾಕಿದ್ದೆ. ಎಲ್ಲರ ಎದುರು ಬೈದಿದ್ದೆ. ಅವತ್ತಿನಿಂದ ತಾಯಂದಿರು ನನ್ನ ಹತ್ರ ಮುಚ್ಚಿಡಲಿಕ್ಕೆ ಶುರು ಮಾಡಿದ್ದು. ನನ್ನದೂ ತಪ್ಪುಂಟು. ನೀಲಿ ಅಳಲಿ, ನಾನು ಎತ್ತಿಕೊಳ್ತೇನೆ. ಅದಕ್ಕೇ ನಾನು ಇರುವುದು. ದಿನಕ್ಕೆ ಎರಡು ಸಲ ನೀವು ಬಂದು ಹಾಲು ಕೊಟ್ಟು ಹೋಗಿ, ನಾನು ಮುಕಾದಮನಿಗೆ ಹೇಳ್ತೇನೆ."

"ಯಾಕಂತ ಹೇಳತೀರಿ?" ಎಂದ ಪರಪ್ಪ ಅನುಮಾನದಿಂದ.

"ಕೂಸಿಗೆ ಹಾಲು ಕುಡಿಸಬೇಕು ಅಂತ. ಮತ್ತೆಂತ ಹೇಳುದು?"

ಪರಪ್ಪ ನಕ್ಕ. ಅವನು ನಕ್ಕದ್ದನ್ನು ಅವತ್ತು ಮೊದಲ ಸಲ ನೋಡಿದೆ. ಎದ್ದು ಹೋಗಿ ಮಲ್ಲವ್ವನ ಮುಂದೆ ಕೈ ಮುಗಿದ. "ಯಕ್ಕಾ, ನೀವು ಬಾಯಿ ಬಿಡದಿದ್ರ ನಾ ಹಳಿ ಕೆಲಸದಿಂದ ಬರೂದ್ರಾಗ ಏನ ಇರತಿತ್ತು?" ಎಂದ.

ಹದಿನೈದು ದಿನ ಕೂಸನ್ನು ಆಸ್ಪತ್ರೆಯಲ್ಲಿಟ್ಟು ಅಫೀಮನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಒಮ್ಮೆಲೇ ನಿಲ್ಲಿಸಿದರೂ ಕೂಸಿಗೆ ತ್ರಾಸು, ಅದನ್ನು ಮನೆಯಲ್ಲಿ ನಾವೇ ಮಾಡಬಾರದು, ಡಾಕ್ಟರೇ ಮಾಡಬೇಕು. ಈಗ ನಮ್ಮ ದವಾಖಾನೆಯಲ್ಲಿ ಕೂಸುಗಳಿಗೆ ಆ ಕೆಮ್ಮಿನ ಔಷಧ ಕೊಡುವುದನ್ನೇ ಬಿಟ್ಟಿದ್ದೇವೆ.

ಇನ್ನು ನನ್ನದೇ ಒಂದು ಮಂಗತನ ಹೇಳುತ್ತೇನೆ. ಆ ವಾರ ಸ್ಟೇಶನ್ನಿನಲ್ಲಿ ಪರಿಚಯದ ಒಬ್ಬರು ಸಿಕ್ಕರು. "ಏನ್ರಿ ಬಸವಂತಪ್ಪ, ದಾನವ್ವನ ಕೂಸಿಗೆ ಏನಾಗಿತ್ತಂತ?" ಎಂದು ಕೇಳಿದರು. ಮುಚ್ಚಿಡಬಾರದು ಎಂದು ಹೊಸದಾಗಿ ಪಾಠ ಕಲಿತವನು ನಾನು. "ಅದೇನ ಆತು ಅಂದ್ರ" ಎಂದು ಬಾಯಿ ತೆರೆದೆ. ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಮಲ್ಲವ್ವ. "ಕೂಸಿಗೆ ಕೆಮ್ಮಾಗಿತ್ರಿ, ಈಗ ಆರಾಮ ಐತಿ" ಎಂದು ಅವರಿಗೆ ಹೇಳಿ ಕಳಿಸಿ, ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋಗಿ ಉಗಿದಳು.

"ಬಸವಂತಣ್ಣ, ಡಾಕ್ಟರಿಗೆ ಹೇಳೂದು ಬ್ಯಾರೆ, ಪ್ಲಾಟ್‌ಫಾರ್ಮಿನ್ಯಾಗ ಹೇಳೂದು ಬ್ಯಾರೆ. ಈ ಮನುಷ್ಯಾ ಕೂಸಿಗೆ ಔಷಧ ಕೊಡತಾನೇನು? ಹಾಲ ಕುಡಸತಾನೇನು? ಕೂಸಿಗೆ ಉಪಯೋಗ ಇಲ್ಲದಾವಗ ಹೇಳಿದ್ರ ಅದಕ್ಕ ಚಾಡಿ ಅಂತಾರ."

ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಬಿಡುವವಳಲ್ಲ ಅವಳು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ನೀಲಿ ಮನೆಗೆ ಬಂದ ದಿನ ಮಲ್ಲವ್ವ ದವಾಖಾನೆಗೆ ಬಂದು ಡಾಕ್ಟರ ಮುಂದೆ ಕೂತಳು. "ಸಾಹೇಬ್ರ, ಇನ್ನೂ ಒಂಬತ್ತ ಕೂಸು ಅದಾವ್ರಿ" ಎಂದಳು. ಒಂಬತ್ತು ತಾಯಂದಿರು ಬೇರೆ ಬೇರೆ ದಿನ ಅವಳ ಮುಂದೆ ಬಾಯಿ ಬಿಟ್ಟಿದ್ದರು. ಯಾರ ಹೆಸರನ್ನೂ ಹೇಳದೆ, ಏನು ಮಾಡಲಿ ಎಂದು ಕೇಳಿದಳು.

"ಮೊದಲು ಅವರನ್ನೇ ಕೇಳಿ" ಎಂದರು ಡಾಕ್ಟರು. "ಡಾಕ್ಟರಿಗೆ ಹೇಳ್ತೀನಿ ಅನ್ನಿ, ಯಾಕೆ ಅಂತಾನೂ ಹೇಳಿ. ಮುಕ್ಕಾಲುಪಾಲು ಜನ ಒಪ್ತಾರೆ. ಒಪ್ಪದೇ ಇದ್ರೂ ಕೂಸಿಗೆ ಅಪಾಯ ಅನ್ನಿಸಿದ್ರೆ ನನಗೆ ಹೇಳಲೇಬೇಕು. ಅದನ್ನೂ ಆ ತಾಯಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿ ಬನ್ನಿ. ಕದ್ದು ಹೇಳ್ಬೇಡಿ."

ಮಲ್ಲವ್ವ ಒಂಬತ್ತು ಮನೆಗೂ ಹೋದಳು. ಬರಬಹುದು ಎಂದ ತಾಯಂದಿರ ಮನೆಗೆ ದಾನವ್ವ ತಾನಾಗಿಯೇ ನೀಲಿಯನ್ನು ಎತ್ತಿಕೊಂಡು ಅವಳ ಜೊತೆ ಹೋದಳು. ಎಂಟು ಜನ ಒಪ್ಪಿದರು. ಒಬ್ಬಳು ಒಪ್ಪಲಿಲ್ಲ, ಬಾಗಿಲು ಹ್ಯಾಗೆ ದಾಟುತ್ತೀ ನೋಡುತ್ತೇನೆ ಎಂದಳು. "ನೀ ಬೈದ್ರೂ ಅಡ್ಡಿ ಇಲ್ಲ ತಂಗಿ, ನಾ ಸಾಹೇಬರಿಗೆ ಹೇಳಾಕ ಹೊಂಟೀನಿ, ನಿನಗ ಹೇಳಿಽ ಹೊಂಟೀನಿ" ಎಂದು ಮಲ್ಲವ್ವ ಎದ್ದು ಬಂದಳು. ಮಾರನೆಯ ದಿನ ಆ ತಾಯಿ ತಾನೇ ಕೂಸನ್ನು ಕರೆತಂದಳು. ಒಂಬತ್ತು ಕೂಸುಗಳೂ ಆರಾಮಾಗಿವೆ. ಮಲ್ಲವ್ವನ ಮುಂದೆ ಬಾಯಿ ಬಿಡುವುದನ್ನು ಯಾರೂ ನಿಲ್ಲಿಸಿಲ್ಲ. ಮೊದಲಿಗಿಂತ ಹೆಚ್ಚೇ ಆಗಿದೆ. ಒಂದು ವ್ಯತ್ಯಾಸ ಮಾತ್ರ ಇದೆ. ಈಗ ಯಾರಾದರೂ ಆಣೆ ಕೇಳಿದರೆ ಅವಳು ಮೊದಲೇ ಹೇಳುತ್ತಾಳೆ: "ಆಣಿ ಮಾಡೂದಿಲ್ಲವ್ವ. ಊರಾಗ ಯಾರಿಗೂ ಹೇಳೂದಿಲ್ಲ. ಕೂಸಿನ ಜೀವಕ್ಕ ಬಂದ್ರ ಡಾಕ್ಟರಿಗೆ ಹೇಳತೀನಿ. ಇದಕ್ಕ ಒಪ್ಪಿದ್ರ ಮಾತಾಡು."

ಇದನ್ನು ಬರೆಯಲು ದಾನವ್ವನನ್ನು ಕೇಳಿದೆ. ಹೆಸರು ಬದಲಿಸುತ್ತೇನೆ ಎಂದೆ. "ನನ್ನ ಹೆಸರಽ ಹಾಕ್ರಿ. ನನ್ನಂಥಾಕಿ ಯಾರರ ಓದಿದ್ರ ಹೆದರಿಕಿ ಹೋಗತೈತಿ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಕೂಸನ್ನು ಕೆಲಸದ ಹೊತ್ತಿನಲ್ಲಿ ಮಲಗಿಸಲು ಏನಾದರೂ ಕೊಡುತ್ತಿದ್ದರೆ ಡಾಕ್ಟರು ಕೇಳಿದಾಗ ನೆಲ ನೋಡಬೇಡಿ, ಹೇಳಿ. ನಿಮ್ಮನ್ನು ಬೈಯಲು ಅವರು ಕೇಳುವುದಿಲ್ಲ.

ಇನ್ನು ನರ್ಸಬಾಯಿಯರೇ, ಶಾಲೆಯ ಮಾಸ್ತರೇ, ಸೂಲಗಿತ್ತಿಯರೇ, ನನ್ನಂಥ ಕಂಪೌಂಡರುಗಳೇ, ನಿಮಗೆ ಹೇಳುವುದಿದೆ. ಒಂದು ಮಗು ದಿನೇದಿನೇ ಸೊರಗುತ್ತಿದೆ, ಮೈಮೇಲೆ ಬಾಸುಂಡೆ ಇದೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತದೆ, ಮನೆಗೆ ಹೋಗಲು ಹೆದರುತ್ತದೆ. ನಿಮಗೆ ಗೊತ್ತಿರುವುದು ಒಂದು ತುಣುಕು. ಇನ್ನೊಂದು ತುಣುಕು ನಿಮ್ಮ ಹಾಗೇ ಬಾಯಿ ಮುಚ್ಚಿಕೊಂಡಿರುವ ಇನ್ನೊಬ್ಬರ ಹತ್ತಿರ ಇರುತ್ತದೆ. ಆ ಮಗುವಿಗೆ ಸಹಾಯ ಮಾಡಬಲ್ಲವರ ಹತ್ತಿರ ಹೋಗಿ, ಬೇಕಾದಷ್ಟನ್ನು ಹೇಳಿ. ಖಾತ್ರಿಯಾಗಲಿ ಎಂದು ಕಾಯುತ್ತ ಕೂರಬೇಡಿ, ಖಾತ್ರಿ ಮಾಡಿಕೊಳ್ಳುವುದು ಅವರ ಕೆಲಸ.

ಆ ಸೋಮವಾರ ಮಲ್ಲವ್ವ ಇನ್ನೊಂದು ಗಂಟೆ ಆಣೆ ಕಾಪಾಡಿದ್ದರೆ, ನಾನು ಇನ್ನೊಂದು ಗಂಟೆ ಚೀಟಿಯ ಗುಟ್ಟು ಕಾಪಾಡಿದ್ದರೆ, ನಮ್ಮಿಬ್ಬರನ್ನೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ನೀಲಿ ಮಾತ್ರ ಇರುತ್ತಿರಲಿಲ್ಲ. ಇದನ್ನು ಓದುವಾಗ ಯಾವುದೋ ಒಂದು ಮಗುವಿನ ಮುಖ ನಿಮ್ಮ ಕಣ್ಣ ಮುಂದೆ ಬಂದಿದ್ದರೆ, ಕಾಗದ ಮಡಿಚಿಟ್ಟು ಇವತ್ತೇ ಹೋಗಿ ಹೇಳಿ.